ಪೂರ್ತಿ ಎಣಿಕೆಯೋ, ಸ್ಯಾಂಪಲ್ಲೋ?

ಪುಣೆಯ ಪಾಷಾಣ್ ಬಡಾವಣೆಯಲ್ಲಿ ಓದುತ್ತಿರುವ ನಮ್ಮ ಧಾರವಾಡದ ಹುಡುಗಿ ಕೇಳಿದಳು: ಯಾವ ಜೀನ್ ಯಾವುದನ್ನು ನಿಯಂತ್ರಿಸುತ್ತದೆ ಎಂದು ತೋರಿಸುವ ಜೀನ್ ಜಾಲದಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸಗಳನ್ನು, ಅಂದರೆ ಮೋಟಿಫ್‌ಗಳನ್ನು, ಪೂರ್ತಿ ಎಣಿಸಲಾ, ಸ್ಯಾಂಪಲ್ ತೆಗೆಯಲಾ?

ಮೂರು ಜೀನಿನ ವಿನ್ಯಾಸವಾದರೆ ಪೂರ್ತಿ ಎಣಿಸಮ್ಮ. ಕೊಂಡಿಗಳಿಗೆ ಇದರಿಂದ ಅದಕ್ಕೆ ಎಂಬ ದಿಕ್ಕಿರುವ ಜಾಲದಲ್ಲಿ ಅವು ಬರೀ 13 ಬಗೆ. ಇ. ಕೋಲಿ ಬ್ಯಾಕ್ಟೀರಿಯಾದ ಫೀಡ್-ಫಾರ್ವರ್ಡ್ ಲೂಪ್ (ಒಂದು ಜೀನ್ ಎರಡನೆಯದನ್ನು, ಅವೆರಡೂ ಸೇರಿ ಮೂರನೆಯದನ್ನು ನಿಯಂತ್ರಿಸುವ ವಿನ್ಯಾಸ) ಇದರಲ್ಲೇ ಸಿಗುತ್ತದೆ. ನಾಲ್ಕಕ್ಕೆ 199 ಬಗೆ, ಐದಕ್ಕೆ 9364! ಜಾಲ ದೊಡ್ಡದಿದ್ದರೆ ಅಲ್ಲಿ ಸ್ಯಾಂಪಲ್ಲೇ ಸರಿ. ಕೊಂಡಿ ಹಿಡಿದು ಬೆಳೆಸುವ ಹಳೆಯ ಸ್ಯಾಂಪಲಿಂಗ್ ಕೆಲವು ವಿನ್ಯಾಸಗಳತ್ತ ವಾಲುತ್ತದೆ, ಆಮೇಲೆ ಸರಿಪಡಿಸಬೇಕು. ಫ್ಯಾನ್‌ಮಾಡ್ ಎಂಬ ಸಾಫ್ಟ್‌ವೇರಿನ ವಿಧಾನಕ್ಕೆ ಆ ತೊಂದರೆ ಇಲ್ಲ. ನನಗೆ ಅದೇ ಇಷ್ಟ.

ಯಾವುದನ್ನೇ ಆರಿಸು, ಒಂದು ವಿನ್ಯಾಸ ನಿಜಕ್ಕೂ ಜಾಸ್ತಿ ಬರುತ್ತಿದೆಯೇ ಎಂದು ತಿಳಿಯಲು ಹೋಲಿಸುವ ರ‍್ಯಾಂಡಮ್ ಜಾಲದಲ್ಲಿ ಪ್ರತಿ ಜೀನಿಗೆ ಬರುವ, ಹೋಗುವ ಕೊಂಡಿಗಳ ಸಂಖ್ಯೆ ಮೂಲದಷ್ಟೇ ಇರಲಿ. ಸುಮ್ನೆ ಕಲಸಿಬಿಟ್ಟರೆ ಜಾಸ್ತಿ ಕೊಂಡಿಯ ಜೀನುಗಳಿಂದಲೇ ಝಡ್-ಸ್ಕೋರ್ (ವಿನ್ಯಾಸದ ಎಣಿಕೆ ಆ ಹೋಲಿಕೆಯ ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆ) ಉಬ್ಬಿಬಿಡಬಹುದು.