ಟೆಲಿಗ್ರಾಮ್ ಬಾಟ್‌ಗೆ ಯಾವ್ದು ವಾಸಿ? ಪಿಟಿಬಿ, ಐಯೋಗ್ರಾಮ್, ರಾಸಾ ಮೂರೂ ಬಳಸಿ ನೋಡಿದ್ದು

ನಮ್ಮ ಕಡೆ ಅಡಿಕೆ ಬೆಳೆಗಾರರಿಗೆ ಅಂತ ಒಂದು ಟೆಲಿಗ್ರಾಮ್ ಬಾಟ್ (ಚಾಟಲ್ಲಿ ತಾನೇ ಉತ್ತರ ಕೊಡೋ ಪ್ರೋಗ್ರಾಮ್) ಮಾಡಿದೀನಿ. ಮಾರ್ಕೆಟ್ ಆರಿಸ್ಬೇಕು, ಆಮೇಲೆ ಅಡಿಕೆ ಯಾವ ಬಗೆ, ರಾಶಿನೋ ಬೆಟ್ಟೆನೋ ಗೊರಬಲೋ ಚಾಲಿನೋ ಹೇಳ್ಬೇಕು, ಅವತ್ತಿನ ಧಾರಣೆ ಬರುತ್ತೆ, ಅಷ್ಟೇ. ಇದೇ ಬಾಟನ್ನ ಪಿಟಿಬಿ, ಐಯೋಗ್ರಾಮ್, ರಾಸಾ ಅನ್ನೋ ಮೂರು ಪೈಥಾನ್ ಫ್ರೇಮ್‌ವರ್ಕಲ್ಲೂ (ಬಾಟಿಗೆ ಬೇಕಾದ ಮಾಮೂಲಿ ಕೋಡ್ ಮೊದಲೇ ಸಿದ್ಧ ಇರೋ ಚೌಕಟ್ಟು) ಬರೆದು ನೋಡ್ದೆ.

ಫ್ರೇಮ್‌ವರ್ಕ್ ಇಲ್ದೇನೂ ಆಗುತ್ತೆ, ಬಾಟ್‌ಫಾದರ್ (ಹೊಸ ಬಾಟ್ ನೋಂದಾಯಿಸೋ ಟೆಲಿಗ್ರಾಮಿನದೇ ಬಾಟ್) ಹತ್ರ ಟೋಕನ್, ಅಂದ್ರೆ ಗುಟ್ಟಿನ ಕೀಲಿ, ತಗೊಂಡು ನೇರ ಟೆಲಿಗ್ರಾಮಿನ ಎಪಿಐ (ಪ್ರೋಗ್ರಾಮುಗಳು ಅದರ ಜೊತೆ ಮಾತಾಡೋ ದಾರಿ) ಕರೀಬಹುದು. ಆದ್ರೆ ಒಬ್ರು ಸಿರ್ಸಿ ಒತ್ತಿರ್ತಾರೆ, ಇನ್ನೊಬ್ರು ಸಾಗರ ಒತ್ತಿ ಅರ್ಧಕ್ಕೇ ಬಿಟ್ಟು ಸಂಜೆ ವಾಪಸ್ ಬರ್ತಾರೆ, ಯಾರ ಮಾತು ಎಲ್ಲಿಗೆ ನಿಂತಿತ್ತು ಅಂತ ನೆನಪಿಟ್ಕೊಳ್ಳೋ ಕೋಡೆಲ್ಲ ನಾವೇ ಬರೀಬೇಕು. ಫ್ರೇಮ್‌ವರ್ಕ್ ಬೇಕಾಗೋದು ಮುಖ್ಯವಾಗಿ ಇದಕ್ಕೆ.

ಪೈಥಾನ್-ಟೆಲಿಗ್ರಾಮ್-ಬಾಟ್, ಎಲ್ರೂ ಪಿಟಿಬಿ ಅಂತಾರೆ, ಅದ್ರಲ್ಲಿ ಕಾನ್ವರ್ಸೇಷನ್ ಹ್ಯಾಂಡ್ಲರ್ ಅಂತ ಇದೆ. ಮಾತು ಎಲ್ಲಿಂದ ಶುರು, ಯಾವ ಹಂತದಲ್ಲಿ ಯಾವ ಫಂಕ್ಷನ್, ದಾರಿ ತಪ್ಪಿದ್ರೆ ಏನು, ಮೂರೂ ಒಂದೇ ಕಡೆ ಕಾಣುತ್ತೆ. ಪಿಕಲ್ ಪರ್ಸಿಸ್ಟೆನ್ಸ್ (ಮಾತಿನ ಹಂತವನ್ನ ಫೈಲಲ್ಲಿ ಉಳಿಸೋದು) ಸೇರಿಸಿ, ಹ್ಯಾಂಡ್ಲರಿಗೆ ಒಂದು ಹೆಸರು ಕೊಟ್ಟು ಪರ್ಸಿಸ್ಟೆಂಟ್ ಆನ್ ಮಾಡಿದ್ರೆ ಸರ್ವರ್ ರೀಸ್ಟಾರ್ಟ್ ಆದ್ರೂ ಮಾತು ಅಲ್ಲಿಂದಲೇ ಮುಂದುವರಿಯುತ್ತೆ, ಡೇಟಾಬೇಸೂ ಬೇಡ. ಒಂದು ಎಚ್ಚರಿಕೆ ಅಂದ್ರೆ 2023ರಲ್ಲಿ ಬಂದ 20ನೇ ವರ್ಷನ್‌ನಿಂದ ಎಲ್ಲಾ ಅಸಿಂಕ್ (ಒಂದು ಕೆಲಸ ಕಾಯ್ತಿರುವಾಗ ಇನ್ನೊಂದನ್ನ ನಡೆಸೋ ರೀತಿ) ಆಗಿದೆ, ಅದಕ್ಕಿಂತ ಹಳೇ ಟ್ಯುಟೋರಿಯಲ್ ಕೋಡ್ ಹಾಗೇ ಹಾಕಿದ್ರೆ ಓಡಲ್ಲ.

ಐಯೋಗ್ರಾಮ್ ಮೊದಲಿಂದಲೂ ಅಸಿಂಕ್. ರೂಟರ್ (ಬಂದ ಮೆಸೇಜನ್ನ ಸರಿಯಾದ ಫಂಕ್ಷನ್‌ಗೆ ಕಳಿಸೋ ಭಾಗ) ಇರೋದ್ರಿಂದ ಕೋಡನ್ನ ಬೇರೆ ಬೇರೆ ಫೈಲಿಗೆ ಹಂಚೋದು ತುಂಬಾ ಸಲೀಸು, ಬಾಟ್ ದೊಡ್ಡದಾದಷ್ಟೂ ಇದರ ಬೆಲೆ ಗೊತ್ತಾಗುತ್ತೆ. ಆದ್ರೆ ಡಿಫಾಲ್ಟಾಗಿ ಹಂತಗಳು ಮೆಮರಿಯಲ್ಲೇ ಇರ್ತವೆ, ರೀಸ್ಟಾರ್ಟ್ ಆದ್ರೆ ಹೋಯ್ತು, ಉಳೀಬೇಕು ಅಂದ್ರೆ ರೆಡಿಸ್ ಥರದ್ದೊಂದು ಡೇಟಾಬೇಸ್ ಜೋಡಿಸ್ಬೇಕು. ನನ್ನ ಚಿಕ್ಕ ಸರ್ವರಿಗೆ ಅದು ಹೆಚ್ಚುವರಿ ಹೊರೆ.

ರಾಸಾ ಕಥೆನೇ ಬೇರೆ. ಬಟನ್ ಬೇಡ, ಜನ ಮಾತಾಡೋ ಹಾಗೇ ಟೈಪ್ ಮಾಡ್ಲಿ ಅನ್ನೋ ಆಸೆಗೆ ಹಿಡಿದದ್ದು. ಉದಾಹರಣೆ ವಾಕ್ಯಗಳನ್ನ ಯಾಮಲ್ ಅನ್ನೋ ಪಠ್ಯ ಫೈಲಲ್ಲಿ ಕೊಟ್ಟು ಟ್ರೈನ್ ಮಾಡ್ಬೇಕು. ಇಲ್ಲಿ ಕನ್ನಡದ ವಿಭಕ್ತಿ ಅಡ್ಡ ಬರುತ್ತೆ ನೋಡಿ, ಖಾಲಿ ಜಾಗ ನೋಡಿ ಪದ ಕತ್ತರಿಸೋ ಟೋಕನೈಸರಿಗೆ ಸಿರ್ಸಿ, ಸಿರ್ಸಿಲಿ, ಸಿರ್ಸಿದು ಮೂರೂ ಬೇರೆ ಬೇರೆ ಪದ, ಊರಿನ ಹೆಸರು ಅಂತ ಎತ್ತಿ ಕೊಡೋದೂ ಪ್ರತ್ಯಯ ಸಮೇತ. ಅಕ್ಷರದ ಎನ್-ಗ್ರಾಮ್ (ಪದವನ್ನ ಚಿಕ್ಕ ಚಿಕ್ಕ ಅಕ್ಷರ ತುಂಡುಗಳಾಗಿ ನೋಡೋದು) ಹಾಕಿದ್ರೆ ಪ್ರಶ್ನೆ ಯಾವ ಥರದ್ದು ಅಂತ ಗುರುತಿಸೋದು ಸುಧಾರಿಸುತ್ತೆ, ಆದ್ರೆ ಊರಿನ ಹೆಸರಿಂದ ಪ್ರತ್ಯಯ ಬಿಡಿಸೋ ಕೋಡ್ ನಾವೇ ಬರೀಬೇಕು. ಮೇಲಿಂದ ಟೆನ್ಸರ್‌ಫ್ಲೋ ಅನ್ನೋ ಮಷೀನ್ ಲರ್ನಿಂಗ್ ಲೈಬ್ರರಿಯ ಭಾರ ಬೇರೆ.

ಹಾಗಾಗಿ ಬಟನ್ನೇ ಗಟ್ಟಿ. ಅದಕ್ಕೂ ಒಂದು ಮಿತಿ ಇದೆ: ಬಟನ್ ಹಿಂದಿನ ಕಾಲ್‌ಬ್ಯಾಕ್ ಡೇಟಾ (ಒತ್ತಿದಾಗ ಬಾಟಿಗೆ ಹೋಗೋ ಕಾಣದ ಪಠ್ಯ) 64 ಬೈಟ್ ದಾಟಂಗಿಲ್ಲ, ಇದು ಟೆಲಿಗ್ರಾಮ್‌ದೇ ನಿಯಮ, ಯಾವ ಫ್ರೇಮ್‌ವರ್ಕ್ ಹಿಡಿದ್ರೂ ಇದ್ದಿದ್ದೇ. ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟಾಗಿ ಬರೆಯೋ ರೀತಿ) ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಯೂನಿಕೋಡ್ ಸಂಖ್ಯೆ ಇರೋ ಒಂದು ಚಿಹ್ನೆ) 3 ಬೈಟ್, ಗುಣಿತದ ಚಿಹ್ನೆ, ಒತ್ತಕ್ಷರ ಜೋಡಿಸೋ ವಿರಾಮ (್) ಎಲ್ಲಾ ಲೆಕ್ಕಕ್ಕೆ ಬರುತ್ತೆ, ತೀರ್ಥಹಳ್ಳಿ ಅನ್ನೋದೊಂದಕ್ಕೇ 30 ಬೈಟ್ ಹೋಯ್ತು. ಬಟನ್ ಮೇಲೆ ಕನ್ನಡ ತೋರಿಸಿ, ಒಳಗೆ ಚಿಕ್ಕ ನಂಬರ್ ಇಡಿ.

ಇನ್ನೊಂದು, ಪಿಟಿಬಿಯ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕೋ ಸೂತ್ರ) ಫಿಲ್ಟರ್ ಬಳಸೋದು ಪೈಥಾನಿನ ಮಾಮೂಲಿ ರೆಜೆಕ್ಸನ್ನೇ, ಅದರ ಪ್ರಕಾರ ಗುಣಿತ ಚಿಹ್ನೆಗಳು ಪದದ ಭಾಗ ಅಲ್ಲ. ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಪ್ಲಸ್ (\w+, ಪದ ಹುಡುಕೋ ಸೂತ್ರ) ಕೊಟ್ಟು ಸಿರ್ಸಿ ಹುಡುಕಿದ್ರೆ ಸ, ರ, ಸ ಅಂತ ಮೂರು ಚೂರಾಗಿ ಬರುತ್ತೆ. ಪೂರ್ತಿ ಹೆಸರನ್ನೇ ಹೋಲಿಸಿ, ಇಲ್ಲಾಂದ್ರೆ ಕನ್ನಡದ ಯೂನಿಕೋಡ್ ರೇಂಜ್ ಕೊಡಿ.

ನಾನೀಗ ಓಡಿಸ್ತಿರೋದು ಪಿಟಿಬಿ. ಸುಮಾರು ಜನ ಸೇರಿ ಕೋಡ್ ಬರಿಯೋ ದೊಡ್ಡ ಬಾಟ್ ಆದ್ರೆ ಕಣ್ಮುಚ್ಚಿ ಐಯೋಗ್ರಾಮ್ ಹಿಡೀರಿ. ರಾಸಾ ಮಾತ್ರ, ನಿಮ್ಮ ಹತ್ರ ಜನ ನಿಜವಾಗ್ಲೂ ಟೈಪ್ ಮಾಡಿರೋ ಕನ್ನಡ ಮೆಸೇಜುಗಳು ರಾಶಿಗಟ್ಟಲೆ ಇದ್ರಷ್ಟೇ.