ಹಳೇ ಕಾರಿನ ಅಂಟುಗಾಜು ಬಿಚ್ಚಲು ತಂತಿಯೋ, ಚಾಕುವೋ, ಮಷಿನ್ನೋ?

ಮೊದಲೇ ಹೇಳಿಬಿಡುತ್ತೇನೆ, ನಾನು ತಂತಿಯ ಪಕ್ಷ. ಮೂರನ್ನೂ ಕೈಯಲ್ಲಿ ಹಿಡಿದು ನೋಡಿದ ಮೇಲೆ ಆಡುತ್ತಿರುವ ಮಾತಿದು. ರಬ್ಬರ್ ಬೀಡಿಂಗಿನಲ್ಲಿ ಕೂತ ಗಾಜಿನ ಕಥೆ ಬೇರೆ, ರಬ್ಬರ್ ಕೊಯ್ದರೆ ಗಾಜು ಕೈಗೆ ಬರುತ್ತದೆ. ಪಾಲಿಯುರೆಥೇನ್ ಅಂಟು ಹಾಕಿ ಬಾಡಿಗೇ ಕಚ್ಚಿಸಿದ ಮುಂದಿನ ಗಾಜು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಳೇ ಮಾಡೆಲ್ಲಿಗೆ ಇನ್ನೊಂದು ಗಾಜು ಸಿಗುವುದು ಅನುಮಾನ, ಹಾಗಾಗಿ ಅದು ಒಡೆಯಬಾರದು. ಫ್ರೇಮಿನ ಪೇಂಟ್ ಗೀರಿದರೆ ತುಕ್ಕು ಅಲ್ಲಿಂದಲೇ ಶುರು, ಹಾಗಾಗಿ ಅದೂ ಉಳಿಯಬೇಕು.

ಎಳೆದು ಕೊಯ್ಯುವ ಚಾಕು ಅಗ್ಗ, ಒಬ್ಬರೇ ಕೆಲಸ ಮಾಡಬಹುದು, ನೇರ ಅಂಚಿನಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಗಾಜಿಗೂ ಬಾಡಿಗೂ ನಡುವೆ ಬ್ಲೇಡ್ ಇಳಿಯುವಷ್ಟು ಸಂದು ಬೇಕು. ಎಷ್ಟೋ ಹಳೇ ಕಾರುಗಳಲ್ಲಿ ಅದೇ ಇರುವುದಿಲ್ಲ. ಮೂಲೆಯಲ್ಲಿ ಬ್ಲೇಡ್ ಕೊಂಚ ತಿರುಚಿದರೂ ಗಾಜಿನ ಅಂಚಿಗೆ ತಾಗುತ್ತದೆ. ಲ್ಯಾಮಿನೇಟೆಡ್ ಗಾಜಿನ, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಜೋಡಿ ಗಾಜಿನ, ಜೀವ ಅಂಚಿನಲ್ಲಿದೆ. ಅಲ್ಲೊಂದು ಸಣ್ಣ ಚಕ್ಕೆ ಎದ್ದರೆ ಸಾಕು, ಬಿರುಕು ಅಲ್ಲಿಂದ ಒಳಕ್ಕೆ ಓಡುತ್ತದೆ.

ಅದುರುವ ಬ್ಲೇಡಿನ ಕರೆಂಟ್ ಮಷಿನ್ ಬೇಗ ಮುಗಿಸುತ್ತದೆ, ನಿಜ. ಒಂದೇ ಕಡೆ ತುಸು ಹೊತ್ತು ನಿಂತರೆ ಅಂಟು ಬಿಸಿಯಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಕೈ ಕೊಂಚ ವಾಲಿದರೆ ಪೇಂಟ್ ಹೋಯಿತು.

ಇನ್ನು ತಂತಿ. ಉದ್ದ ಸೂಜಿಯಂಥ ದಬ್ಬಳದಿಂದ ಅಂಟಿನಲ್ಲಿ ತೂತು ಮಾಡಿ ತಂತಿ ತೂರಿಸಬೇಕು. ಒಳಗೊಬ್ಬರು, ಹೊರಗೊಬ್ಬರು ಒಂದೊಂದು ಹಿಡಿ ಹಿಡಿದು ಗರಗಸದಂತೆ ಎಳೆದಾಡಬೇಕು. ತಂತಿಯನ್ನು ಗಾಜಿಗೆ ಒತ್ತಿಕೊಂಡೇ ಎಳೆದರೆ ಅಂಟಿನ ಬಹುಪಾಲು ಬಾಡಿಯ ಮೇಲೇ ಉಳಿಯುತ್ತದೆ, ಪೇಂಟಿನ ತಂಟೆಗೆ ಹೋಗುವುದಿಲ್ಲ. ನಾನು ಅದನ್ನು ಮೆಚ್ಚುವುದು ಇದಕ್ಕೇ.

ಹಾಗಂತ ಅದರ ಕಾಟ ಕಡಿಮೆಯಲ್ಲ. ಮೇಲಂಚು, ಪಕ್ಕದ ಅಂಚುಗಳೆಲ್ಲ ಸಲೀಸು. ಕೆಳಗಿನ ಅಂಚಿಗೆ ಬಂದ ಕೂಡಲೇ ತಂತಿ ಪಟ್ಟೆಂದು ತುಂಡಾಗುತ್ತದೆ. ಅಲ್ಲಿ ಡ್ಯಾಶ್‌ಬೋರ್ಡ್ ಗಾಜಿಗೆ ಅಂಟಿಕೊಂಡಂತಿರುತ್ತದೆ, ಒಳಗಿದ್ದವರಿಗೆ ಕೈ ಆಡಿಸಲು ಜಾಗವಿಲ್ಲ. ಎಳೆತ ತಾನಾಗಿಯೇ ಗಿಡ್ಡವಾಗುತ್ತದೆ. ತಂತಿಯ ಅದೇ ತುಣುಕು ಅಂಟಿನಲ್ಲಿ ಮತ್ತೆ ಮತ್ತೆ ಉಜ್ಜಿ, ಕಾದು, ಸೋತು ಹೋಗುತ್ತದೆ. ಗಾಜು ಜಾರದಿರಲೆಂದು ಕೆಳಗೆ ಕೊಟ್ಟ ಗಟ್ಟಿ ರಬ್ಬರ್ ತುಂಡುಗಳಿಗೂ ತಂತಿ ಸಿಕ್ಕಿಕೊಳ್ಳುತ್ತದೆ. ತುಂಡಾದರೆ ಹೊಸ ತೂತು, ಹೊಸ ತಂತಿ, ಮತ್ತೆ ಮೊದಲಿಂದ. ಇದರ ನಡುವೆ ಡ್ಯಾಶ್‌ಬೋರ್ಡಿನ ಹೊದಿಕೆಯನ್ನೂ ಬೆಣ್ಣೆಯಂತೆ ಕೊಯ್ದು ಹಾಕುತ್ತದೆ.

ನನಗೆ ಒಗ್ಗಿದ ದಾರಿ ಹೀಗೆ: ಕೆಳ ಅಂಚನ್ನು ಕೊನೆಗೆ ಬಿಡದೆ, ಕೈಯಲ್ಲಿ ಕಸುವಿರುವಾಗಲೇ ಮೊದಲು ಮುಗಿಸುವುದು. ಡ್ಯಾಶ್‌ಬೋರ್ಡಿನ ಮೇಲೆ ತೆಳು ತಗಡು ಇಡುವುದು. ಎಳೆತ ಎಷ್ಟು ಉದ್ದ ಸಾಧ್ಯವೋ ಅಷ್ಟು ಉದ್ದ, ಆತುರವಿಲ್ಲದೆ. ಆಗಾಗ ಬರೀ ನೀರು ಸಿಂಪಡಿಸುತ್ತಿದ್ದರೆ ತಂತಿ ತಣ್ಣಗಿರುತ್ತದೆ. ಕೊಯ್ದಷ್ಟು ಭಾಗಕ್ಕೆ ಪ್ಲಾಸ್ಟಿಕ್ ಬೆಣೆ ಕೊಟ್ಟರೆ ಗಾಜು ಕುಸಿದು ತಂತಿಯನ್ನು ಒತ್ತುವುದಿಲ್ಲ. ಚೌಕ ತಂತಿ ಬೇಗ ಕೊಯ್ಯುತ್ತದೆ, ಆದರೆ ನನ್ನ ಆಯ್ಕೆ ಹೆಣೆದ ತಂತಿ; ಬಳುಕುವ ಗುಣ ಹೆಚ್ಚು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಕಡ್ಡಾಯ, ತುಂಡಾದ ತಂತಿ ಎತ್ತ ಚಿಮ್ಮುತ್ತದೋ ಹೇಳಲಾಗದು.

ಮತ್ತೆ ಕೂರಿಸುವಾಗ ಬ್ಯುಟೈಲ್ ಟೇಪೋ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ), ಪಾಲಿಯುರೆಥೇನೋ? ಕಾರ್ಖಾನೆಯಲ್ಲೇ ಬ್ಯುಟೈಲ್ ಹಾಕಿದ ಕಾರುಗಳಿಗೆ ಟೇಪ್ ಒಪ್ಪುತ್ತದೆ, ನಾಳೆ ಬಿಚ್ಚುವುದೂ ಸುಲಭ. ಆದರೆ ಅದು ಎಂದೂ ಗಟ್ಟಿಯಾಗುವುದಿಲ್ಲ, ಬಿಸಿಲಿಗೆ ಮೆತ್ತಗಾಗಿ ಹೊರಗೆ ಇಣುಕುತ್ತದೆ. ಪಾಲಿಯುರೆಥೇನ್ ಹಾಕಿದ್ದ ಕಾರಿಗೆ ಅದನ್ನೇ ಹಾಕಬೇಕು. ಅಲ್ಲಿ ಗಾಜು ಬಾಡಿಯ ಬಿಗಿತಕ್ಕೂ ಹೆಗಲು ಕೊಟ್ಟಿರುತ್ತದೆ. ಸಿಲಿಕೋನ್ ಮಾತ್ರ ಬೇಡವೇ ಬೇಡ, ಅದರ ಜಿಡ್ಡು ಉಳಿದ ಕಡೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ.

ಹಳೇ ಅಂಟನ್ನು ಪೂರ್ತಿ ಕೆರೆಯಬೇಡಿ. 1ರಿಂದ 2 ಮಿಲಿಮೀಟರ್ ದಪ್ಪ ಉಳಿಸಿ ಸಮ ಮಾಡಿದರೆ ಹೊಸತು ಅದರ ಮೇಲೇ ಚೆನ್ನಾಗಿ ಕಚ್ಚುತ್ತದೆ. ಲೋಹ ಕಂಡಲ್ಲಿ ಪ್ರೈಮರ್, ಅಂದರೆ ಅಂಟಿಗೆ ಮುಂಚೆ ಬಳಿಯುವ ಲೇಪ. ಹಳೇ ಗಾಜುಗಳಿಗೆ ಸುತ್ತ ಕಪ್ಪು ಪಟ್ಟಿ ಇಲ್ಲದಿರುವುದುಂಟು. ಅಂಥವಕ್ಕೆ ಅಂಚಿನಲ್ಲಿ ಕಪ್ಪು ಪ್ರೈಮರ್ ಬಳಿಯದಿದ್ದರೆ ಬಿಸಿಲು ಗಾಜಿನ ಮೂಲಕವೇ ಅಂಟನ್ನು ತಿಂದುಹಾಕುತ್ತದೆ. ಅಂಟು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ಒಣ ಹವೆಯಲ್ಲಿ ತಡ. ಅಲ್ಲಿಯವರೆಗೆ ಬಾಗಿಲಿನ ಗಾಜು ಇಳಿಸಿಯೇ ಇರಲಿ. ಎಲ್ಲ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ.

ನನಗೆ ಅವಸರವಿಲ್ಲ, ತಂತಿಯ ಇನ್ನೊಂದು ತುದಿ ಹಿಡಿಯಲು ಜೊತೆಗಾರರಿದ್ದಾರೆ, ದುಬಾರಿ ಮಷಿನ್ನಿಗೆ ಸುರಿಯಲು ಮನಸ್ಸಿಲ್ಲ. ನೀವು ಒಬ್ಬರೇ ಆದರೆ, ಗಾಜಿಗೆ ಕಚ್ಚಿಸುವ ರಾಟೆಯಿಂದ ದಾರ ಎಳೆಯುವ ಸಾಧನ ನೋಡಿ. ಗಾಜು ಹೇಗೂ ಒಡೆದಿದ್ದರೆ ಮಷಿನ್ನನ್ನೇ ಬಾಡಿಗೆಗೆ ತನ್ನಿ, ಪೇಂಟಿನ ಮೇಲೆ ಮಾತ್ರ ಕಣ್ಣಿರಲಿ.