ಕ್ಯಾನ್, ಬಾಟಲಿ, ಹರವಿ: ಮಕ್ಕಳಿಗೆ ಯಾವುದು ಸರಿಹೋಯಿತು

ಕಲಬುರಗಿಯ ನಮ್ಮ ಡೇ ಕೇರ್‌ನಲ್ಲಿ ಎರಡರಿಂದ ಐದು ವರ್ಷದ 14 ಮಕ್ಕಳಿದ್ದಾರೆ. ಏಪ್ರಿಲ್ ಬಂತಂದ್ರೆ ಬಿಸಿಲು 42 ಡಿಗ್ರಿ ಮುಟ್ಟುತ್ತೆ. ಆಗ ಊಟಕ್ಕಿಂತ ಕುಡಿಯುವ ನೀರಿನದೇ ಚಿಂತೆ ಜಾಸ್ತಿ. ಹೋದ ಬೇಸಿಗೆಯಲ್ಲಿ ಮೂರು ಬಗೆ ಮಾಡಿ ನೋಡಿದೆ.

ಮೊದಲು 20 ಲೀಟರ್ ಕ್ಯಾನ್. ತರಿಸೋದು ಸುಲಭ, ಅಷ್ಟೇ. ಮಧ್ಯಾಹ್ನಕ್ಕೆ ನೀರು ಬೆಚ್ಚಗಾಗಿ, ಮಕ್ಕಳು ಒಂದು ಗುಟುಕು ಕುಡಿದು ಲೋಟ ಇಟ್ಟುಬಿಡುತ್ತಿದ್ದರು. ಒಂದು ಕ್ಯಾನ್‌ನ ತಳದಲ್ಲಿ ಪಾಚಿ ಕಂಡ ಮೇಲೆ ನಿಲ್ಲಿಸಿದೆ.

ಆಮೇಲೆ ಮನೆಯಿಂದಲೇ ಬಾಟಲಿ. ಕೇಳೋಕೆ ಚೆನ್ನಾಗಿದೆ. ಆದರೆ ಎರಡು ವರ್ಷದವರಿಗೆ ನಂದು ನಿಂದು ಎಲ್ಲಿ ಗೊತ್ತು? ನೀಲಿ ಬಾಟಲಿ ನಾಲ್ಕಿದ್ದವು. ಹನ್ನೊಂದು ಗಂಟೆಯೊಳಗೆ ನಾಲ್ಕೂ ಎಲ್ಲರ ಬಾಯಿಗೆ ಹೋಗಿರುತ್ತಿದ್ದವು. ಒಂದು ದಿನ ಸ್ಟ್ರಾ ಬಿಚ್ಚಿ ಒಳಗೆ ಹತ್ತಿಕಡ್ಡಿ ಆಡಿಸಿದೆ. ಕಪ್ಪು ಲೋಳೆ ಬಂತು.

ಕೊನೆಗೆ ಹರವಿ, ಅಂದರೆ ನೀರಿಡುವ ಮಣ್ಣಿನ ಗಡಿಗೆ. ಮೊದಲ ವಾರ ಮಾಮೂಲಿ ಹರವಿ ಇಟ್ಟು ತಪ್ಪು ಮಾಡಿದೆ. ಮುಚ್ಚಳ ತೆಗೆದರೆ ರೊಟ್ಟಿ ಚೂರು ತೇಲುತ್ತಿತ್ತು. "ಅಕ್ಕೋರ, ಮೊಣಕೈ ತನಕ ಮುಳುಗಿಸ್ತಾವ್ರಿ" ಅಂದರು ನಮ್ಮ ಆಯಾ. ಎಷ್ಟೇ ಕುದಿಸಿ ತುಂಬಿದರೂ ಕೈ ಅದ್ದಿದ ಮೇಲೆ ಏನು ಉಪಯೋಗ, ಅಲ್ವಾ? ಕುಂಬಾರರ ಹತ್ತಿರ ನಲ್ಲಿ ಕೂರಿಸಿದ ಹರವಿ ಸಿಕ್ಕಿತು. ನಮ್ಮ ಒಣ ಗಾಳಿಗೆ ಮಣ್ಣಿನಿಂದ ಜಿನುಗಿದ ನೀರು ಬೇಗ ಆರುತ್ತೆ, ಅದಕ್ಕೇ ಒಳಗಿನದು ತಂಪು. ಮಂಗಳೂರಿನ ಸೆಕೆಯಲ್ಲಿ ಇಷ್ಟು ತಂಪಾಗಲ್ಲ. ರಾತ್ರಿ ನೀರು ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು, ಮುಚ್ಚಿ ಆರಿಸಿ ತುಂಬುತ್ತೇವೆ. ಬೋರ್ ನೀರಾದರೆ ಹುಷಾರು, ಅದರಲ್ಲಿ ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್ ಇದ್ದರೆ ಕುದಿಸಿದರೂ ಹೋಗಲ್ಲ.

ಕೆಲಸ ಇದಕ್ಕೂ ಇದೆ. ಎರಡು ದಿನಕ್ಕೊಮ್ಮೆ ಖಾಲಿ ಮಾಡಿ ತೆಂಗಿನ ನಾರಿನಲ್ಲಿ ಉಜ್ಜಬೇಕು. ಸೋಪು ಬೇಡ, ಮಣ್ಣು ಹೀರಿಕೊಳ್ಳುತ್ತೆ. ನಲ್ಲಿಯ ಒಳಗೆ ಹಳೇ ಹಲ್ಲುಜ್ಜೋ ಬ್ರಷ್. ಯಾರಾದರೂ ನಲ್ಲಿ ತಿರುಗಿಸಿಟ್ಟು ಓಡಿದರೆ ಅರ್ಧ ಹರವಿ ನೆಲದ ಪಾಲು. ನಲ್ಲಿ ನೀರು ದಿನಾ ಬರದ ಓಣಿಯಲ್ಲಿ ಅದು ಹೊಟ್ಟೆ ಉರಿಸುತ್ತೆ.

ಆದರೂ ಈ ವರ್ಷ ಹರವಿಯೇ. ಆಟದಲ್ಲಿ ಮುಳುಗಿದ ಮಕ್ಕಳು ನೀರು ಕೇಳೋದಿಲ್ಲ, ಗಂಟೆಗೊಮ್ಮೆ ನಾವೇ ಲೋಟ ಹಿಡಿದು ಕೊಡುತ್ತೇವೆ. ಒಬ್ಬೊಬ್ಬರ ಸ್ಟೀಲ್ ಲೋಟಕ್ಕೂ ಬೇರೆ ಬೇರೆ ಬಣ್ಣದ ಚುಕ್ಕಿ ಇಟ್ಟಿದ್ದೇವೆ. ಹರವಿಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಕಲ್ಲಿನ ಕಟ್ಟೆ ಮೇಲೆ ಏರಿಸಿದೆವು. ಮೊನ್ನೆ ಮೂರು ವರ್ಷದವಳೊಬ್ಬಳು ಕುರ್ಚಿ ಎಳೆದುಕೊಂಡು ಬರುತ್ತಿದ್ದಳು.